ಓಡದ ದಿನ ಏನು ಮಾಡಬೇಕು? ಹೊಸದಾಗಿ ಓಟ ಶುರುಮಾಡಿದವರಿಗೆ ಬಿಡುವಿನ ದಿನದ ಮಾರ್ಗದರ್ಶಿ

ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲೋ ಉಡುಪಿಯ ಅಜ್ಜರಕಾಡಿನಲ್ಲೋ ಬೆಳಿಗ್ಗೆ ಓಟ ಶುರುಮಾಡಿದವರು ಎರಡು ಮೂರು ವಾರ ಕಳೆಯುವಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇವತ್ತು ಓಡುವ ದಿನ ಅಲ್ಲ. ಹಾಗಂತ ಸುಮ್ಮನೆ ಕೂತುಕೊಳ್ಳುವುದಾ? ನಿಧಾನಕ್ಕೆ ನಾಲ್ಕು ರೌಂಡ್ ಓಡಿದರೆ ಆಗುವುದಿಲ್ಲವಾ?"

ಆಗುವುದಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಮೂರೇ ದಿನ ಓಡಿ. ಉಳಿದ ನಾಲ್ಕರಲ್ಲಿ ಎರಡು ದಿನ ಹಗುರವಾದ ನಡಿಗೆ ಮತ್ತು ಹದಿನೈದು ನಿಮಿಷದ ಕಾಲಿನ ವ್ಯಾಯಾಮ, ಒಂದು ದಿನ ಬರೀ ನಡಿಗೆ, ಕನಿಷ್ಠ ಒಂದು ದಿನ ಪೂರ್ತಿ ಬಿಡುವು. ಇಷ್ಟನ್ನು ಹೇಗೆ ಮಾಡುವುದು, ಎಲ್ಲಿ ತಪ್ಪುತ್ತದೆ ಎಂಬುದನ್ನು ಮುಂದೆ ಹಂತಹಂತವಾಗಿ ನೋಡೋಣ. ಅದಕ್ಕೆ ಮೊದಲು ಕಾರಣ ಗೊತ್ತಿರಬೇಕು. ಕಾರಣ ಗೊತ್ತಿಲ್ಲದವರೇ ಐದನೇ ವಾರದಲ್ಲಿ ಕಾಲು ನೋವೆಂದು ಓಟ ಬಿಡುತ್ತಾರೆ.

ಓಡುವಾಗ ಪ್ರತಿ ಹೆಜ್ಜೆಗೂ ನಿಮ್ಮ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. 70 ಕಿಲೋ ತೂಕದವರಿಗೆ ಅದು 140ರಿಂದ 210 ಕಿಲೋ. ನಿಮಿಷಕ್ಕೆ 160 ಹೆಜ್ಜೆಯಂತೆ 20 ನಿಮಿಷ ಓಡಿದರೆ 3,200 ಹೆಜ್ಜೆ, ಅಂದರೆ ಒಂದೊಂದು ಕಾಲಿಗೆ 1,600 ಪೆಟ್ಟು. ಈ ಪೆಟ್ಟಿಗೆ ದೇಹದ ಭಾಗಗಳು ಒಂದೇ ವೇಗದಲ್ಲಿ ಒಗ್ಗಿಕೊಳ್ಳುವುದಿಲ್ಲ. ಹೃದಯ, ಶ್ವಾಸಕೋಶ ಎರಡು ಮೂರು ವಾರದಲ್ಲಿ ಸುಧಾರಿಸುತ್ತವೆ, ಏದುಸಿರು ಕಡಿಮೆಯಾಗುತ್ತದೆ. ಸ್ನಾಯುಗಳಿಗೆ ಇನ್ನೂ ಕೆಲವು ವಾರ ಬೇಕು. ಸ್ನಾಯುವನ್ನು ಎಲುಬಿಗೆ ಕಟ್ಟಿಹಿಡಿಯುವ ಹಗ್ಗದಂಥ ಸ್ನಾಯುರಜ್ಜುಗಳಿಗೂ ಎಲುಬಿಗೂ ತಿಂಗಳುಗಳೇ ಹಿಡಿಯುತ್ತವೆ.

ಎಲುಬಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮಾಡಿನ ಹಂಚು ಬದಲಿಸುವಾಗ ಹಳೆಯದನ್ನು ಇಳಿಸಿದ ಮೇಲೆಯೇ ಹೊಸದನ್ನು ಹೊದಿಸುವುದಲ್ಲವೇ? ನಡುವೆ ಮಳೆ ಬಂದರೆ ನೀರು ಮನೆಯೊಳಗೆ. ಎಲುಬಿನದ್ದೂ ಅದೇ ಕ್ರಮ. ಹೊಸ ಭಾರ ಬಿದ್ದ ಕಡೆ ದೇಹ ಮೊದಲು ಹಳೆಯ ಎಲುಬನ್ನು ಕೊರೆದು ತೆಗೆಯುತ್ತದೆ. ಅದಕ್ಕೆ ಸುಮಾರು ಮೂರು ವಾರ. ಆ ಜಾಗದಲ್ಲಿ ಹೊಸ ಎಲುಬು ತುಂಬಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು. ನಡುವಿನ ವಾರಗಳಲ್ಲಿ ಎಲುಬು ಮೊದಲಿಗಿಂತ ಸ್ವಲ್ಪ ದುರ್ಬಲವಾಗಿಯೇ ಇರುತ್ತದೆ. ಉಸಿರು ಸಲೀಸಾಗಿ, "ಇನ್ನೂ ಓಡಬಹುದು" ಅನ್ನಿಸುವುದು ಸರಿಯಾಗಿ ಈ ವಾರಗಳಲ್ಲೇ. ಮೊದಲ ವಾರ ಯಾರಿಗೂ ಬಿಡುವು ಕಷ್ಟವಾಗುವುದಿಲ್ಲ, ಮೈಯೇ ಬೇಡ ಅನ್ನುತ್ತದೆ. ಬಿಡುವನ್ನು ಹಟ ಹಿಡಿದು ಉಳಿಸಿಕೊಳ್ಳಬೇಕಾದ್ದು ಎರಡನೇ ತಿಂಗಳಲ್ಲಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ನೋಟ್‌ಬುಕ್ ಅಥವಾ ಫೋನಿನಲ್ಲಿ ಬರೆದಿಡುವ ಜಾಗ, ಸೆಕೆಂಡ್ ಮುಳ್ಳಿರುವ ಗಡಿಯಾರ, ಗಟ್ಟಿಯಾದ ಒಂದು ಕುರ್ಚಿ, ಹಿಡಿದುಕೊಳ್ಳಲು ಕಂಬವೋ ಗೋಡೆಯೋ ಇರುವ ಮೆಟ್ಟಿಲು, ಹಳೆಯ ಪೇಪರು. ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಓಟ ಶುರುಮಾಡುವ ಮೊದಲೇ ವೈದ್ಯರನ್ನು ಕಾಣಬೇಕು.

1. ವಾರದ ಪಟ್ಟಿ ಬರೆಯಿರಿ, ಬಿಡುವನ್ನೂ ಬರೆಯಿರಿ

ಮಂಗಳವಾರ, ಗುರುವಾರ, ಭಾನುವಾರ ಓಟ ಎಂದುಕೊಳ್ಳಿ. ಸೋಮವಾರ ಪೂರ್ತಿ ಬಿಡುವು. ಬುಧ ಮತ್ತು ಶುಕ್ರ ನಡಿಗೆ, ಜೊತೆಗೆ ಕಾಲಿನ ವ್ಯಾಯಾಮ. ಶನಿವಾರ ಬರೀ ನಡಿಗೆ, ಬೇಡವಾದರೆ ಅದೂ ಬೇಡ. ದಿನಗಳು ಬೇರೆಯಾದರೂ ಅಡ್ಡಿಯಿಲ್ಲ, ಎರಡು ಓಟ ಬೆನ್ನುಬೆನ್ನಿಗೆ ಬರಬಾರದು ಅಷ್ಟೇ. ಓಡುವವರಲ್ಲಿ ತುಂಬ ಬಳಕೆಯಲ್ಲಿರುವ 'ಕೌಚ್ ಟು ಫೈವ್ ಕೆ' ಎಂಬ ಒಂಬತ್ತು ವಾರದ ಕ್ರಮ, ಅಂದರೆ ಓಡಿ ಗೊತ್ತೇ ಇಲ್ಲದವರನ್ನು 5 ಕಿಲೋಮೀಟರ್‌ವರೆಗೆ ತರುವ ಪಟ್ಟಿ, ಇದರಲ್ಲೂ ವಾರಕ್ಕೆ ಮೂರೇ ಓಟ. ಒಂಬತ್ತು ವಾರದಲ್ಲೇ ಮುಗಿಸಬೇಕೆಂಬ ಕಟ್ಟುಪಾಡು ಇಲ್ಲ. ಒಂದು ವಾರದ ಪಾಠ ಭಾರವಾದರೆ ಅದನ್ನೇ ಮತ್ತೆ ಮಾಡಿ.

45 ದಾಟಿದವರು, ತೂಕ ಹೆಚ್ಚಿರುವವರು, ಕಾಲೇಜು ಬಿಟ್ಟ ಮೇಲೆ ಯಾವ ಆಟವನ್ನೂ ಆಡದವರು ಮೊದಲ ತಿಂಗಳು ವಾರಕ್ಕೆ ಎರಡೇ ಓಟ ಇಟ್ಟುಕೊಂಡರೂ ನಷ್ಟವಿಲ್ಲ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, ತಪ್ಪಿಹೋದ ಓಟದ ಬಾಕಿ ತೀರಿಸುವುದು. ಗುರುವಾರ ಮಳೆ ಹೊಯ್ದು ಓಡಲಾಗಲಿಲ್ಲ ಎಂದು ಶುಕ್ರ, ಶನಿ, ಭಾನು ಮೂರೂ ದಿನ ಓಡುತ್ತಾರೆ. ಹೋದದ್ದು ಹೋಯಿತು, ಭಾನುವಾರದ್ದನ್ನು ಮಾತ್ರ ಓಡಿ.

ನಮ್ಮ ಊರಿನ ರಾತ್ರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ಯಕ್ಷಗಾನದ ಆಟ, ಕೋಲ, ನೇಮ ನಡೆಯುತ್ತಲೇ ಇರುತ್ತವೆ. ಇಡೀ ರಾತ್ರಿ ಆಟ ನೋಡಿ ಬೆಳಿಗ್ಗೆ ಐದಕ್ಕೆ ನೇರ ಓಟಕ್ಕೆ ಇಳಿಯಬೇಡಿ. ಅದು ಬಿಡುವಿನ ದಿನ, ಓಟವನ್ನು ಮಾರನೇ ದಿನಕ್ಕೆ ಸರಿಸಿ, ಅದರ ಮುಂದಿನದ್ದನ್ನೂ ಒಂದು ದಿನ ಮುಂದೂಡಿ. ಏಕಾದಶಿ ಹಿಡಿಯುವವರು ಉಪವಾಸದ ದಿನವನ್ನೇ ಪೂರ್ತಿ ಬಿಡುವಿನ ದಿನ ಮಾಡಿಕೊಳ್ಳಬಹುದು, ಆದರೆ ಅದರ ಹಿಂದಿನ ದಿನದ ಓಟ ಚಿಕ್ಕದಿರಲಿ. ದೊಡ್ಡ ಓಟದ ಮಾರನೇ ದಿನ ಹೊಟ್ಟೆ ಖಾಲಿ ಇಟ್ಟರೆ ರಿಪೇರಿ ನಿಧಾನವಾಗುತ್ತದೆ. ರಂಜಾನ್ ತಿಂಗಳಲ್ಲಿ ಓಟವನ್ನು ಇಫ್ತಾರ್ ಮುಗಿದು ಎರಡು ಗಂಟೆಯ ನಂತರಕ್ಕೆ ಇಟ್ಟುಕೊಳ್ಳಿ, ಓಟದ ಸಮಯ ಹೆಚ್ಚಿಸುವ ಕೆಲಸ ಆ ತಿಂಗಳು ಬೇಡ.

ಹೋಟೆಲು, ಆಸ್ಪತ್ರೆ, ಬಟ್ಟೆ ಅಂಗಡಿ, ಬಂದರು, ಇಂಥ ಕಡೆ ಎಂಟು ಹತ್ತು ಗಂಟೆ ನಿಂತೇ ದುಡಿಯುವವರಿಗೆ ಒಂದು ಮಾತು: ಓಡಲಿಲ್ಲ ಎಂದ ಮಾತ್ರಕ್ಕೆ ನಿಮ್ಮ ಕಾಲಿಗೆ ಬಿಡುವು ಸಿಕ್ಕಿತು ಎಂದಲ್ಲ. ನಿಮಗೆ ಮುಂದಿನ ನಾಲ್ಕನೇ ಹಂತದ ನಡಿಗೆ ಬೇಕಾಗಿಲ್ಲ. ಆ ಹೊತ್ತು ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿ.

2. ಓಟ ನಿಲ್ಲಿಸಿದ ಗಳಿಗೆಯಿಂದಲೇ ಬಿಡುವು ಶುರು

ಓಟ ಮುಗಿದ ಕೂಡಲೇ ಸ್ಕೂಟರ್ ಹತ್ತಬೇಡಿ. ಐದರಿಂದ ಹತ್ತು ನಿಮಿಷ ನಡೆಯಿರಿ. ಮನೆಗೆ ಬಂದು ಒಂದೆರಡು ಗಂಟೆಯೊಳಗೆ ಹೊಟ್ಟೆತುಂಬ ಊಟವೋ ತಿಂಡಿಯೋ ಆಗಲಿ. ಸ್ನಾಯುಗಳಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ, ಗ್ಲೈಕೋಜೆನ್ ಅನ್ನುತ್ತಾರೆ. ಓಟದಲ್ಲಿ ಖರ್ಚಾದ ಈ ದಾಸ್ತಾನು ಅನ್ನ, ಗಂಜಿ, ದೋಸೆಯಂಥದ್ದನ್ನು ಸರಿಯಾಗಿ ತಿಂದರೆ ಸುಮಾರು ಒಂದು ದಿನದಲ್ಲಿ ಮತ್ತೆ ತುಂಬುತ್ತದೆ. ತಿನ್ನದಿದ್ದರೆ ಮಾರನೇ ದಿನ ಪೂರ್ತಿ ಕಾಲು ಭಾರ.

ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಹನಿಹನಿಯಾಗಿ ಸುರಿಯುತ್ತದೆ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ಹಾಗಾಗಿ ದೇಹ ಇನ್ನಷ್ಟು ಬೆವರು ಹೊರಗೆ ತಳ್ಳುತ್ತದೆ. ಎಷ್ಟು ಹೋಯಿತು ಎಂದು ತಿಳಿಯಲು ಒಮ್ಮೆ ಅಳೆದು ನೋಡಿ. ಓಟಕ್ಕೆ ಮೊದಲು, ಓಟ ಮುಗಿಸಿ ಮೈ ಒರೆಸಿಕೊಂಡ ಮೇಲೆ ತೂಕ ಮಾಡಿ. ಅರ್ಧ ಕಿಲೋ ಇಳಿದಿದ್ದರೆ ಹೋದದ್ದು ಸುಮಾರು ಅರ್ಧ ಲೀಟರ್ ನೀರು. ಅದರ ಒಂದೂಕಾಲರಿಂದ ಒಂದೂವರೆ ಪಟ್ಟು, ಅಂದರೆ 625ರಿಂದ 750 ಮಿಲಿಲೀಟರ್, ಮುಂದಿನ ಎರಡು ಮೂರು ಗಂಟೆಯಲ್ಲಿ ಸ್ವಲ್ಪಸ್ವಲ್ಪವಾಗಿ ಕುಡಿಯಿರಿ.

ಬೊಂಡ, ಅಂದರೆ ಎಳನೀರು ಕುಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚು ಹೋಗುವುದು ಸೋಡಿಯಂ, ಅಂದರೆ ಉಪ್ಪು. ಉಪ್ಪು ಹಾಕಿದ ಗಂಜಿ ತೆಳಿ, ನೀರು ಮಜ್ಜಿಗೆ, ಚಿಟಿಕೆ ಉಪ್ಪಿನ ಪುನರ್ಪುಳಿ ಶರಬತ್ತು ಆ ಕೆಲಸಕ್ಕೆ ಒಳ್ಳೆಯದು. ಬೊಂಡ ಇದ್ದರೆ ಜೊತೆಗೆ ಇರಲಿ. ಕಿಡ್ನಿ ತೊಂದರೆ ಇರುವವರು ಬೊಂಡವನ್ನೂ, ರಕ್ತದೊತ್ತಡ ಇರುವವರು ಹೆಚ್ಚುವರಿ ಉಪ್ಪನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಗಮನಿಸಬೇಕು. ಓಟದಿಂದ ರಕ್ತದ ಸಕ್ಕರೆ ಇಳಿಯುವುದು ಓಡುವ ಹೊತ್ತಿಗಷ್ಟೇ ಅಲ್ಲ, ಮುಂದಿನ 24 ಗಂಟೆಯವರೆಗೂ ಇಳಿಯಬಹುದು. ಓಡಿದ ದಿನ ಮಲಗುವ ಮುಂಚೆ ಒಮ್ಮೆ, ಬಿಡುವಿನ ದಿನ ಎದ್ದ ಕೂಡಲೇ ಒಮ್ಮೆ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಿ.

3. ಬೆಳಿಗ್ಗೆ ಮೂರು ನಿಮಿಷದ ತಪಾಸಣೆ

ಹಾಸಿಗೆಯಿಂದ ಏಳುವ ಮೊದಲೇ ಮಣಿಕಟ್ಟಿನ ನಾಡಿ ಹಿಡಿದು ಪೂರಾ ಒಂದು ನಿಮಿಷ ಎಣಿಸಿ, ಬರೆದಿಡಿ. ಒಂದು ವಾರ ಬರೆದರೆ ನಿಮ್ಮ ಮಾಮೂಲಿ ಸಂಖ್ಯೆ ಗೊತ್ತಾಗುತ್ತದೆ. ಅದಕ್ಕಿಂತ ಎಂಟು ಹತ್ತು ಬಡಿತ ಹೆಚ್ಚು ಕಂಡರೆ ನಿದ್ರೆ ಸಾಲದು, ನೀರು ಸಾಲದು ಅಥವಾ ಜ್ವರ ಬರುವುದರಲ್ಲಿದೆ. ಅಂಥ ದಿನ ನಡಿಗೆಯೂ ಬೇಡ.

ನಂತರ ಕಾಲು ನೆಲಕ್ಕೆ ಇಡಿ. ಮೊದಲ ಹೆಜ್ಜೆಗೇ ಹಿಮ್ಮಡಿಯ ಅಡಿಯಲ್ಲಿ ಮೊಳೆ ಚುಚ್ಚಿದ ಹಾಗೆ ಆಗಿ, ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಕಡಿಮೆಯಾದರೆ, ಅಂಗಾಲಿನ ಉದ್ದಕ್ಕೂ ಇರುವ ಪಟ್ಟಿ ಸಿಟ್ಟಾಗಿದೆ ಎಂದು ತಿಳಿಯಿರಿ. ಪ್ಲಾಂಟರ್ ಫೇಶಿಯೈಟಿಸ್ ಅಂದರೆ ಇದೇ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ, ಕಾವಿ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡಿ.

ಆಮೇಲೆ ಕಣಕಾಲು, ಅಂದರೆ ಮೊಣಕಾಲಿನಿಂದ ಪಾದದ ಗಂಟಿನವರೆಗಿನ ಭಾಗ. ಕೂತು ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ. ಪಾದದ ಒಳಗಂಟಿನಿಂದ ಮೇಲಕ್ಕೆ, ಕಣಕಾಲಿನ ಎಲುಬಿನ ಒಳಅಂಚಿನ ಮೇಲೆ ಹೆಬ್ಬೆರಳನ್ನು ಒಂದೊಂದೇ ಬೆರಳಗಲ ಸರಿಸುತ್ತಾ ಒತ್ತಿ. ಒಂದು ಗೇಣಿನಷ್ಟು ಉದ್ದಕ್ಕೆ ಹರಡಿಕೊಂಡ ಮಂದ ನೋವು ಸಿಕ್ಕಿದರೆ ಅದು ಶಿನ್ ಸ್ಪ್ಲಿಂಟ್ಸ್, ಹೊಸಬರಿಗೆ ತುಂಬ ಸಾಮಾನ್ಯವಾದ ಕಣಕಾಲು ನೋವು. ಓಟ ಕಡಿಮೆ ಮಾಡಿದರೆ ಇಳಿಯುತ್ತದೆ. ಆದರೆ ಎಲ್ಲ ಕಡೆ ಸರಿಯಿದ್ದು ಒಂದು ನಾಣ್ಯದಷ್ಟು ಜಾಗಕ್ಕೆ ಹೆಬ್ಬೆರಳು ಬಂದಾಗ ಮಾತ್ರ ಜೀವ ಹೋದಂತಾದರೆ, ರಾತ್ರಿ ಮಲಗಿದಾಗಲೂ ಅಲ್ಲೇ ನೋಯುತ್ತಿದ್ದರೆ, ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಓಟ ನಿಲ್ಲಿಸಿ ಮೂಳೆ ವೈದ್ಯರಲ್ಲಿಗೆ ಹೋಗಿ. ಶುರುವಿನ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು. "ಎಕ್ಸ್‌ರೇಯಲ್ಲಿ ಏನೂ ಇಲ್ಲ" ಎಂದ ಮಾತ್ರಕ್ಕೆ ಮಾರನೇ ದಿನ ಓಡಬೇಡಿ.

ತೊಡೆ, ಮೀನಖಂಡ ಎರಡೂ ಕಡೆ ಸಮನಾಗಿ ಬಿಗಿದುಕೊಂಡು ಮೆಟ್ಟಿಲು ಇಳಿಯುವಾಗ ನೋಯುವುದು ಬೇರೆ ಸಂಗತಿ. ಇದು ತಡವಾಗಿ ಬರುವ ಸ್ನಾಯುನೋವು, ಓಡಿದ ದಿನಕ್ಕಿಂತ ಮಾರನೇ ದಿನ ಮತ್ತು ಮೂರನೇ ದಿನ ಹೆಚ್ಚಿರುತ್ತದೆ. ಹೆದರಬೇಡಿ, ತಾನೇ ಹೋಗುತ್ತದೆ.

ಮಳೆಗಾಲದಲ್ಲಿ ಇದರ ಜೊತೆ ಒಂದು ಎಚ್ಚರ ಬೇಕೇಬೇಕು. ಜ್ವರ ಇದ್ದು ಮೀನಖಂಡ ಮುಟ್ಟಿದರೆ ನೋಯುತ್ತದೆ ಎಂದಾದರೆ ಅದನ್ನು ಓಟದ ನೋವೆಂದು ತಳ್ಳಿಹಾಕಬೇಡಿ. ಇಲಿಜ್ವರದ ಮುಖ್ಯ ಗುರುತುಗಳಲ್ಲಿ ಮೀನಖಂಡದ ನೋವೂ ಒಂದು. ಕಾಲಿನಲ್ಲಿ ಗಾಯವೋ ಬೊಬ್ಬೆಯೋ ಇಟ್ಟುಕೊಂಡು ನಿಂತ ನೀರಿನಲ್ಲಿ ಓಡಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಮಲೇರಿಯಾ, ಡೆಂಗಿಯಲ್ಲೂ ಮೈಕೈ ನೋವು ಹೀಗೇ ಶುರುವಾಗುತ್ತದೆ. ರಕ್ತ ಪರೀಕ್ಷೆ ಆಗುವವರೆಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗಬೇಡಿ, ಡೆಂಗಿ ಇದ್ದರೆ ರಕ್ತಸ್ರಾವದ ಅಪಾಯವಿದೆ. ಜ್ವರ ಇಲ್ಲದಿದ್ದರೂ, ನೋವಿನ ಮಾತ್ರೆ ತಿಂದು ಓಡುವ ಅಭ್ಯಾಸ ಬೇಡ. ನೀರು ಕಡಿಮೆಯಾದ ಮೈಯಲ್ಲಿ ಅದು ಕಿಡ್ನಿಗೆ ಪೆಟ್ಟು ಕೊಡುತ್ತದೆ, ನಿಲ್ಲು ಎಂದು ಹೇಳಬೇಕಾದ ನೋವನ್ನೂ ಮುಚ್ಚಿಹಾಕುತ್ತದೆ.

4. ಹಗುರವಾಗಿ ಕೈಕಾಲು ಆಡಿಸಿ

ಪೂರ್ತಿ ಬಿಡುವಿನ ಒಂದು ದಿನ ಬಿಟ್ಟು ಉಳಿದ ದಿನ 20ರಿಂದ 40 ನಿಮಿಷ ನಡೆಯಿರಿ. ರಕ್ತ ಸಂಚಾರವಾಗಿ ಬಿಗಿತ ಸಡಿಲವಾಗುತ್ತದೆ. ವೇಗ ಎಷ್ಟಿರಬೇಕು? ನಡೆಯುತ್ತಾ ಯಾರಿಗಾದರೂ ಫೋನ್ ಮಾಡಿ. ನೀವು ನಡೆಯುತ್ತಿದ್ದೀರಿ ಎಂದು ಆ ಕಡೆಯವರಿಗೆ ಉಸಿರಿನಿಂದ ಗೊತ್ತಾದರೆ ವೇಗ ಜಾಸ್ತಿಯಾಯಿತು.

ಮಂಗಳೂರಿನಲ್ಲಿ ಕದ್ರಿ ಪಾರ್ಕ್, ಮಣಿಪಾಲದಲ್ಲಿ ಮಣ್ಣಪಳ್ಳ ಕೆರೆಯ ಸುತ್ತಿನ ದಾರಿ ಇದಕ್ಕೆ ಹೇಳಿ ಮಾಡಿಸಿದ ಜಾಗಗಳು. ಬಾವುಟಗುಡ್ಡೆಯ ಏರು, ಕದ್ರಿ ಗುಡ್ಡದ ಏರು ಬಿಡುವಿನ ದಿನ ಬೇಡ. ಏರು ಹತ್ತುವಾಗ ಮೀನಖಂಡಕ್ಕೂ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜಿಗೂ, ಇಳಿಯುವಾಗ ತೊಡೆಗೂ ಮೊಣಕಾಲಿಗೂ ಹೆಚ್ಚಿನ ಕೆಲಸ ಬೀಳುತ್ತದೆ.

ಮಲ್ಪೆ, ಪಣಂಬೂರು, ತಣ್ಣೀರುಬಾವಿಯ ಸಮುದ್ರದಂಡೆ ಕಣ್ಣಿಗೆ ಹಿತ, ಕಾಲಿಗೆ ಅಷ್ಟಕ್ಕಷ್ಟೆ. ಒಣ ಮರಳಿನಲ್ಲಿ ಹಿಮ್ಮಡಿ ಹೂತು ಸ್ನಾಯುರಜ್ಜು ಜಗ್ಗುತ್ತದೆ. ಅಲೆ ಬಂದುಹೋದ ಗಟ್ಟಿ ಮರಳಿನಲ್ಲಿ ನಡೆಯಬಹುದು, ಆದರೆ ದಂಡೆ ನೀರಿನ ಕಡೆಗೆ ವಾಲಿಕೊಂಡಿರುತ್ತದೆ. ಒಂದೇ ದಿಕ್ಕಿಗೆ ಎರಡು ಕಿಲೋಮೀಟರ್ ಹೋದರೆ ಸಮುದ್ರದ ಬದಿಯ ಕಾಲು ತಗ್ಗಿನಲ್ಲೇ ಇದ್ದು ಸೊಂಟ ಓರೆಯಾಗುತ್ತದೆ. ಹತ್ತು ನಿಮಿಷ ಆ ಕಡೆ, ಹತ್ತು ನಿಮಿಷ ಈ ಕಡೆ, ಹಗುರ ಚಪ್ಪಲಿ ಹಾಕಿಕೊಂಡು.

ಈಜು ಬರುವವರಿಗೆ ಈಜಿಗಿಂತ ಒಳ್ಳೆಯ ಬಿಡುವು ಇಲ್ಲ. ಪೆಟ್ಟೇ ಬೀಳದೆ ಇಡೀ ಮೈಗೆ ಚಲನೆ. ಮಂಗಳೂರಿನ ಲೇಡಿಹಿಲ್‌ನಲ್ಲಿ, ಉಡುಪಿಯ ಅಜ್ಜರಕಾಡಿನಲ್ಲಿ ಸಾರ್ವಜನಿಕ ಈಜುಕೊಳಗಳಿವೆ, ಸಮಯ ವಿಚಾರಿಸಿಕೊಂಡು ಹೋಗಿ. ಇಪ್ಪತ್ತು ನಿಮಿಷ ಸಾಕು. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. ಯಾಂತ್ರೀಕೃತ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿ ನಿಂತಿರುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲೂ ಅಲೆಯ ಸೆಳೆತ ಕಡಿಮೆಯಾಗಿರುವುದಿಲ್ಲ. ಸೈಕಲ್ ಇರುವವರು ಸಮತಟ್ಟು ರಸ್ತೆಯಲ್ಲಿ ಹಗುರ ಗೇರಿನಲ್ಲಿ ಅರ್ಧ ಗಂಟೆ ತುಳಿಯಿರಿ. ಪೆಡಲ್ ಕೆಳಗಿದ್ದಾಗ ಮೊಣಕಾಲು ತುಸುವಷ್ಟೇ ಬಾಗಿರಬೇಕು, ಸೀಟು ತಗ್ಗಿದ್ದರೆ ಮೊಣಕಾಲು ಚಿಪ್ಪಿನ ಸುತ್ತ ನೋವು ಬರುತ್ತದೆ.

ಬಿಡುವಿನ ಹೆಸರಿನಲ್ಲಿ ನಡೆಯುವ, ಆದರೆ ಬಿಡುವೇ ಅಲ್ಲದ ಕೆಲಸಗಳಿವೆ. ಸಂಜೆಯ ಶಟಲ್, ಗದ್ದೆಯ ಕ್ರಿಕೆಟ್, ಬೀಚಿನ ಫುಟ್‌ಬಾಲ್, ಗಡಾಯಿಕಲ್ಲು ಹತ್ತುವುದು. ಶಟಲ್‌ನಲ್ಲಿ ಒಮ್ಮೆಲೇ ಮುಂದೆ ನುಗ್ಗಿ ನಿಲ್ಲುವ ಪ್ರತಿ ಹೆಜ್ಜೆಯೂ ದಣಿದ ಮೀನಖಂಡವನ್ನು ಎಳೆದು ಹಿಡಿಯುತ್ತದೆ. ಆಡುವ ಆಸೆ ಇದ್ದರೆ ಆಡಿ, ಆದರೆ ಆ ದಿನವನ್ನು ಓಟದ ಮೂರು ದಿನಗಳಲ್ಲೊಂದು ಎಂದು ಲೆಕ್ಕ ಹಾಕಿ.

5. ಮೆಟ್ಟಿಲ ಮೇಲಿನ ಹದಿನೈದು ನಿಮಿಷ

ವಾರಕ್ಕೆ ಎರಡು ಸಲ, ಓಟದ ಮಾರನೇ ದಿನ ಮಾಡಿ. ಮೈಕೈ ವಿಪರೀತ ನೋಯುತ್ತಿದ್ದರೆ ಆ ಸಲ ಬಿಡಿ. ಜಿಮ್ ಬೇಡ, ಜಗಲಿಯ ಮೆಟ್ಟಿಲು ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಹಿಮ್ಮಡಿ ಎತ್ತುವುದು. ಓಡುವಾಗ ಮೈಯನ್ನು ಮುಂದಕ್ಕೆ ತಳ್ಳುವ ಕೆಲಸದ ದೊಡ್ಡ ಪಾಲು ಮೀನಖಂಡದ್ದು. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ ನಿಲ್ಲಿ, ಹಿಮ್ಮಡಿ ಗಾಳಿಯಲ್ಲಿರಲಿ. ಕಂಬ ಹಿಡಿದುಕೊಳ್ಳಿ. ಎರಡು ಎಣಿಸುತ್ತಾ ಮೇಲೇರಿ, ಒಂದು ಎಣಿಕೆ ನಿಲ್ಲಿ, ಮೂರು ಎಣಿಸುತ್ತಾ ಹಿಮ್ಮಡಿ ಮೆಟ್ಟಿಲಿಗಿಂತ ತುಸು ಕೆಳಗಿಳಿಯುವವರೆಗೆ ಇಳಿಸಿ. ಹತ್ತರಿಂದ ಹನ್ನೆರಡು ಸಲ, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಷ್ಟೇ. ಎರಡು ವಾರ ಎರಡೂ ಕಾಲಿನಲ್ಲಿ, ಆಮೇಲೆ ಒಂದೊಂದೇ ಕಾಲಿನಲ್ಲಿ. ಫಲ ಇರುವುದು ನಿಧಾನವಾಗಿ ಇಳಿಸುವುದರಲ್ಲಿ. ದಡಬಡ ಮೂವತ್ತು ಸಲ ಮಾಡುವವರು ಇಳಿಯುವುದಿಲ್ಲ, ಬೀಳುತ್ತಾರೆ. ನಂತರ ಇದನ್ನೇ ಮೊಣಕಾಲು ಸ್ವಲ್ಪ ಮಡಚಿ ಹತ್ತು ಸಲ ಮಾಡಿ. ಮೀನಖಂಡದ ಒಳಪದರದ ಸೋಲಿಯಸ್ ಸ್ನಾಯುವಿಗೆ ಇದು ಬೇಕು. ಮುರಕಲ್ಲಿನ ಮೆಟ್ಟಿಲು ಮಳೆಗಾಲದಲ್ಲಿ ಪಾಚಿ ಹಿಡಿದಿರುತ್ತದೆ, ಆಗ ಮನೆಯೊಳಗಿನ ಮೆಟ್ಟಿಲೇ ಆಗಲಿ. ಹಿಮ್ಮಡಿಯ ಹಿಂಭಾಗ ಎಲುಬಿಗೆ ಅಂಟುವಲ್ಲೇ ನೋವಿರುವವರು ನೆಲದ ಮೇಲೆ ನಿಂತು ಮಾಡಿ, ಕೆಳಗೆ ಇಳಿಸಬೇಡಿ.

ಕಣಕಾಲಿನ ಮುಂಭಾಗಕ್ಕೆ: ಗೋಡೆಗೆ ಬೆನ್ನು ಒರಗಿಸಿ, ಹಿಮ್ಮಡಿಯನ್ನು ಗೋಡೆಯಿಂದ ಒಂದಡಿ ಮುಂದಿಟ್ಟು, ಹಿಮ್ಮಡಿ ಊರಿದ ಹಾಗೆಯೇ ಪಾದದ ತುದಿಗಳನ್ನು ಮೇಲೆತ್ತಿ ಇಳಿಸಿ. ಹದಿನೈದು ಸಲ, ಎರಡು ಸುತ್ತು.

ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನಕ್ಕೆ ಕೂರುವುದು ಹತ್ತು ಸಲ, ಎರಡು ಸುತ್ತು. ಮೊಣಕಾಲುಗಳು ಒಳಕ್ಕೆ ವಾಲಬಾರದು. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಮೇಲೆತ್ತಿ ಐದು ಸೆಕೆಂಡ್ ಹಿಡಿಯುವುದು ಹತ್ತು ಸಲ. ಹಲ್ಲುಜ್ಜುವಾಗ ಒಂದೊಂದು ಕಾಲಿನಲ್ಲಿ 30 ಸೆಕೆಂಡ್ ನಿಲ್ಲುವುದನ್ನು ಮಾತ್ರ ದಿನವೂ ಮಾಡಬಹುದು. ಶುರುವಿಗೆ ಇಷ್ಟೇ ಸಾಕು.

6. ಎಳೆಯುವುದು, ತಿಕ್ಕುವುದು, ತಂಪು ಇಡುವುದು

ಸ್ಟ್ರೆಚಿಂಗ್‌ನಿಂದ ಸ್ನಾಯುನೋವು ಬರುವುದು ಹೆಚ್ಚೇನೂ ತಪ್ಪುವುದಿಲ್ಲ. ಹಿತ ಅನ್ನಿಸಿದರೆ ನಡಿಗೆ ಮುಗಿದು ಮೈ ಬಿಸಿ ಇರುವಾಗ 20-30 ಸೆಕೆಂಡ್ ಮಾಡಿ, ಜಗ್ಗಿ ಎಳೆಯಬೇಡಿ. ಎಣ್ಣೆ ಹಚ್ಚಿ ಬಿಸಿನೀರ ಸ್ನಾನ ಬಿಗಿದ ಸ್ನಾಯುವಿಗೆ ಒಳ್ಳೆಯದೇ. ಆದರೆ ಉಳುಕಿ ಊದಿದ ಜಾಗವನ್ನು ಮೊದಲ ಎರಡು ದಿನ ತಿಕ್ಕಬೇಡಿ, ಬಿಸಿ ಕೊಡಬೇಡಿ. ಐಸ್ ಅನ್ನು ಬೈರಾಸಿನಲ್ಲಿ ಸುತ್ತಿ 10-15 ನಿಮಿಷ ಇಟ್ಟರೆ ನೋವು ಇಳಿಯುತ್ತದೆ, ಬರೀ ಐಸ್ ಇಟ್ಟರೆ ಚರ್ಮ ಸುಡುತ್ತದೆ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಮಸಾಜ್ ಮಾಡಲೇಬೇಡಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

7. ಊಟ ಕಡಿಮೆ ಮಾಡಬೇಡಿ

"ಇವತ್ತು ಓಡಲಿಲ್ಲ, ಮಧ್ಯಾಹ್ನ ಊಟ ಬೇಡ" ಎನ್ನುವವರು, ಅದರಲ್ಲೂ ತೂಕ ಇಳಿಸಲೆಂದು ಓಡುವವರು, ಬಹಳ. ಎಲುಬು, ಸ್ನಾಯು ಕಟ್ಟುವ ಕೆಲಸ ಬಿಡುವಿನ ದಿನವೂ ನಡೆಯುತ್ತಿರುತ್ತದೆ. ಸಾಮಾನು ತರಿಸದೆ ಮೇಸ್ತ್ರಿಯನ್ನು ಕೆಲಸಕ್ಕೆ ಕರೆದರೆ ಆಗುವುದು ಇದೇ.

ಓಡುವವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 60 ಕಿಲೋದವರಿಗೆ 72ರಿಂದ 96 ಗ್ರಾಂ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ನೋಡಿ: ಇಡೀ ದಿನಕ್ಕೆ 200 ಗ್ರಾಂ ಕುಚ್ಚಲಕ್ಕಿಯಿಂದ ಸುಮಾರು 14 ಗ್ರಾಂ, ಸಾರಿನ 30 ಗ್ರಾಂ ತೊಗರಿಬೇಳೆಯಿಂದ 7, ಒಂದು ಪಲ್ಯಕ್ಕೆ ಹಾಕಿದ 50 ಗ್ರಾಂ ಒಣ ಹೆಸರುಕಾಳಿನಿಂದ 12, ಹಾಲು ಮೊಸರು ಸೇರಿ 400 ಮಿಲಿಲೀಟರ್‌ಗೆ 13, ಎರಡು ಮೊಟ್ಟೆಗೆ 12, ಬಂಗುಡೆಯೋ ಬೂತಾಯಿಯೋ ಮುಳ್ಳು ಬಿಟ್ಟು 100 ಗ್ರಾಂಗೆ 20. ಒಟ್ಟು 78. ಮೀನು ಮೊಟ್ಟೆ ತಿನ್ನದವರು ಆ 32 ಗ್ರಾಂಗೆ ಬದಲಾಗಿ 50 ಗ್ರಾಂ ಹುರುಳಿ, 40 ಗ್ರಾಂ ಕಡಲೆಯ ಗಸಿ, 30 ಗ್ರಾಂ ನೆಲಗಡಲೆ, 50 ಗ್ರಾಂ ಪನೀರ್ ಸೇರಿಸಿಕೊಂಡರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಎರಡು ಬಟ್ಟಲು ತಿಳಿಸಾರು ಕುಡಿದು "ಬೇಳೆ ತಿಂದೆ" ಎಂದುಕೊಳ್ಳುವುದು ನಮ್ಮ ಕಡೆಯ ಸಸ್ಯಾಹಾರಿಗಳ ಸಾಮಾನ್ಯ ತಪ್ಪು, ಅದರಲ್ಲಿರುವುದು ಹುಳಿ ಉಪ್ಪು ಖಾರ. ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ಅಲ್ಲ, ವೈದ್ಯರು ಹೇಳಿದ್ದೇ ಲೆಕ್ಕ.

ಊಟದ ಜೊತೆ ಚಹಾ, ಕಾಪಿ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಊಟದಲ್ಲಿನ ಕಬ್ಬಿಣಾಂಶ ಹೀರಿಕೊಳ್ಳುವುದಕ್ಕೆ ಅದು ಅಡ್ಡಿ. ಸರಿಯಾಗಿ ಓಡಿ, ಸರಿಯಾಗಿ ಮಲಗಿಯೂ ವಾರಗಟ್ಟಲೆ ಸುಸ್ತು ಹೋಗದ ಹೆಣ್ಣುಮಕ್ಕಳು ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಊಟ ಕಡಿಮೆ ಮಾಡಿ ಓಡುತ್ತಿರುವಾಗ ಮುಟ್ಟು ತಪ್ಪಿದರೆ ಅದು ಎಲುಬಿಗೂ ಅಪಾಯದ ಗುರುತು, ವೈದ್ಯರಿಗೆ ಹೇಳಲು ಸಂಕೋಚ ಬೇಡ.

8. ನಿದ್ರೆ

ಏಳರಿಂದ ಒಂಬತ್ತು ಗಂಟೆ. ಸೆಕೆ ತಪ್ಪಿಸಲು ಬೆಳಿಗ್ಗೆ ಐದಕ್ಕೆ ಏಳುವವರು ಒಂಬತ್ತೂವರೆಗೆ ಮಲಗಬೇಕು. ಹನ್ನೊಂದೂವರೆಯವರೆಗೆ ಫೋನ್ ನೋಡಿ ಐದಕ್ಕೆ ಎದ್ದು ಓಡುವುದಕ್ಕಿಂತ ಆ ದಿನ ಓಡದೆ ಮಲಗುವುದು ಲೇಸು. ಬಿಡುವಿನ ದಿನ ಅಲಾರಂ ಇಡಬೇಡಿ.

9. ಶೂ ಮತ್ತು ಪಾದ

ಕಾಲಿಗೆ ಬಿಡುವು ಇರುವ ದಿನವೇ ಶೂ ಒಣಗುವ ದಿನ. ಒದ್ದೆ ಶೂವಿನ ಒಳಹಾಸನ್ನು ಹೊರಗೆ ತೆಗೆಯಿರಿ, ಲೇಸು ಸಡಿಲಿಸಿ ನಾಲಗೆ ಎತ್ತಿ, ಬೆರಳಿನ ಜಾಗದವರೆಗೂ ಪೇಪರ್ ಉಂಡೆ ತುಂಬಿ. ಒಂದು ಗಂಟೆಗೆ ಆ ಪೇಪರ್ ನೀರು ಕುಡಿದು ಮೆತ್ತಗಾಗಿರುತ್ತದೆ, ತೆಗೆದು ಹೊಸದನ್ನು ತುಂಬಿ, ಫ್ಯಾನಿನ ಕೆಳಗೆ ಅಡ್ಡ ಮಲಗಿಸಿಡಿ. ಒಲೆಯ ಮೇಲೆ, ಬಚ್ಚಲ ಹಂಡೆಯ ಹತ್ತಿರ, ಸುಡುಬಿಸಿಲಿನಲ್ಲಿ ಇಟ್ಟರೆ ಅಂಟು ಬಿಡುತ್ತದೆ, ತಳದ ಫೋಮ್ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಪೂರ್ತಿ ಒಣಗಲು ಎರಡು ದಿನವೂ ಬೇಕಾದೀತು. ದಿನ ಬಿಟ್ಟು ದಿನ ಓಡುವವರಿಗೆ ಎರಡನೇ ಜೋಡಿ ಆಗ ಉಪಯೋಗಕ್ಕೆ ಬರುತ್ತದೆ.

ಬೆರಳ ಸಂದುಗಳನ್ನು ಒಣ ಬಟ್ಟೆಯಿಂದ ಒಂದೊಂದಾಗಿ ಒರೆಸಿ. ಅಲ್ಲಿ ಚರ್ಮ ಬಿಳಿಚಿ, ಸುಲಿದು, ತುರಿಸಿದರೆ ಶಿಲೀಂಧ್ರದ ಸೋಂಕು. ಔಷಧಿ ಅಂಗಡಿಯ ಆ್ಯಂಟಿಫಂಗಲ್ ಮುಲಾಮನ್ನು ತುರಿಕೆ ನಿಂತ ಮೇಲೂ ಪೊಟ್ಟಣದಲ್ಲಿ ಹೇಳಿದಷ್ಟು ದಿನ ಹಚ್ಚಿ. ಸ್ಟಿರಾಯ್ಡ್ ಬೆರೆತ ಮುಲಾಮು ಬೇಡ, ಮೇಲೆ ವಾಸಿಯಾದಂತೆ ಕಂಡು ಒಳಗೆ ಹರಡುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ.

10. ನಾಳೆ ಓಡಬಹುದೇ?

ಬಿಡುವಿನ ದಿನದ ರಾತ್ರಿ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಎರಡರವರೆಗೆ ಇದ್ದರೆ ನಾಳೆ ಓಡಿ. ಮೂರು ನಾಲ್ಕು ಇದ್ದರೆ ಓಟದ ಬದಲು ನಡಿಗೆ. ಐದು ಅಥವಾ ಹೆಚ್ಚಿದ್ದರೆ ಇನ್ನೊಂದು ದಿನ ಬಿಡುವು. ನಾಲ್ಕೈದು ದಿನವಾದರೂ ಇಳಿಯದಿದ್ದರೆ ಫಿಸಿಯೋಥೆರಪಿಸ್ಟ್ ಅಥವಾ ವೈದ್ಯರು. ಕುಂಟುವಂತೆ ಮಾಡುವ, ಓಡಿದಷ್ಟೂ ಹೆಚ್ಚಾಗುವ ನೋವಿಗೆ ಅಂಕ ಬೇಕಿಲ್ಲ, ಓಟ ನಿಲ್ಲಿಸಿ. ಓಡಿದ ಮೇಲೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದು ಸ್ನಾಯುಗಳು ಊದಿದ್ದರೆ, ಎದೆ ಹಿಡಿದುಕೊಂಡರೆ, ತಲೆ ಸುತ್ತಿ ಬಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರತಿ ನಾಲ್ಕನೇ ವಾರ ಓಟದ ಒಟ್ಟು ಸಮಯವನ್ನು ಮೂರನೇ ಒಂದರಷ್ಟು ಇಳಿಸಿ. ವಾರಕ್ಕೆ 60 ನಿಮಿಷ ಓಡುತ್ತಿದ್ದರೆ ಆ ವಾರ 40. ಮದುವೆ, ಜಾತ್ರೆ ಎಂದು ಒಂದು ವಾರ ತಪ್ಪಿದರೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿ, ಎರಡು ಮೂರು ವಾರ ತಪ್ಪಿದರೆ ಪಟ್ಟಿಯಲ್ಲಿ ಎರಡು ವಾರ ಹಿಂದಕ್ಕೆ ಹೋಗಿ.

ನಾಲ್ಕನೇ ಓಟ ಸೇರಿಸುವುದು ಯಾವಾಗ? ನಿಲ್ಲದೆ 30 ನಿಮಿಷ, ವಾರಕ್ಕೆ ಮೂರು ಸಲ, ಹೆಬ್ಬೆರಳಿನ ತಪಾಸಣೆಯಲ್ಲಿ ಎಲ್ಲೂ ನೋವು ಸಿಗದೆ ಒಂದು ತಿಂಗಳು ಓಡಿದ ಮೇಲೆ. ಆ ನಾಲ್ಕನೆಯದು 15 ನಿಮಿಷದ ನಿಧಾನದ ಓಟವಾಗಿರಲಿ, ಶುಕ್ರವಾರಕ್ಕೆ ಇಟ್ಟುಕೊಳ್ಳಿ, ಎರಡು ಓಟ ಬೆನ್ನುಬೆನ್ನಿಗೆ ಬರುವುದು ಇಲ್ಲಿ ಮಾತ್ರ. ಸೋಮವಾರದ ಪೂರ್ತಿ ಬಿಡುವನ್ನು ಮಾತ್ರ ಮುಟ್ಟಬೇಡಿ.